ಸಂವಿಧಾನ ತಿದ್ದೋಕೆ ನಮ್ಮಲ್ಲೂ ಜನರ ವೋಟು ಕೇಳಬೇಕಾ?

ಇಟಲಿಯಲ್ಲಿ ಸಂವಿಧಾನ ಬದಲಾವಣೆಗೆ ಜನಮತಗಣನೆ ಮಾಡ್ತಾರೆ, ನಮ್ಮಲ್ಲಿ ಯಾಕಿಲ್ಲ, ಇದ್ದರೆ ಒಳ್ಳೆಯದಲ್ವಾ ಅಂತ ಕೇಳಿದ್ದೀರಿ. ಒಳ್ಳೆಯದೇ. ಆದರೆ ಮತಚೀಟಿಯಲ್ಲಿ ಏನು ಬರೆದಿರ್ತಾರೆ ಅನ್ನೋದನ್ನು ಮೊದಲು ನೋಡಬೇಕು.

ಇಟಲಿಯನ್ನೇ ತಗೊಳ್ಳಿ. 2016ರ ಡಿಸೆಂಬರ್‌ನಲ್ಲಿ ಪ್ರಧಾನಿ ಮಟ್ಟೆಯೊ ರೆಂಜಿ ಜನರ ಮುಂದಿಟ್ಟ ಒಂದೇ ಪ್ರಶ್ನೆಯಲ್ಲಿ ಸೆನೆಟ್‌ನ (ಅಲ್ಲಿನ ಸಂಸತ್ತಿನ ಮೇಲ್ಮನೆ) ಅಧಿಕಾರ ಕಡಿಮೆ ಮಾಡೋದು, ಸಂಸದರ ಸಂಖ್ಯೆ ಇಳಿಸೋದು, ಖರ್ಚು ಕಡಿತ, ಒಂದು ಸಲಹಾ ಮಂಡಳಿ ಮುಚ್ಚೋದು, ಕೇಂದ್ರ ಮತ್ತು ಪ್ರಾಂತ್ಯಗಳ ಅಧಿಕಾರ ಹಂಚಿಕೆ ಬದಲಿಸೋದು, ಎಲ್ಲಾ ತುಂಬಿದ್ದರು. ಉತ್ತರ ಮಾತ್ರ ಹೌದು ಅಥವಾ ಬೇಡ. ಮೂರು ಬೇಕು ಎರಡು ಬೇಡ ಅನ್ನೋನು ಎಲ್ಲಿ ಗುರುತು ಹಾಕಬೇಕು? ಸಾಲದ್ದಕ್ಕೆ, ಸೋತರೆ ರಾಜೀನಾಮೆ ಕೊಡ್ತೀನಿ ಅಂದುಬಿಟ್ಟರು. ಅಲ್ಲಿಗೆ ಸಂವಿಧಾನ ಮೂಲೆಗೆ ಬಿತ್ತು, ಈ ಮನುಷ್ಯ ಇರಬೇಕಾ ಹೋಗಬೇಕಾ ಅನ್ನೋದೇ ಮುಖ್ಯ ಆಯ್ತು. ಸುಮಾರು ಶೇ 59ರಷ್ಟು ಮತ ಬೇಡ ಅಂತ ಬಿತ್ತು, ಅವರು ಹೋದರು. 2020ರಲ್ಲಿ ಸಂಸದರನ್ನು 945ರಿಂದ 600ಕ್ಕೆ ಇಳಿಸೋಣವಾ ಅಂತ ಅದೊಂದನ್ನೇ ಕೇಳಿದರು. ಹತ್ತಿರ ಹತ್ತಿರ ಶೇ 70 ಹೌದು!

ನಾನು ಬೆಳಗಾವಿಯವನು. ಇಲ್ಲಿ ಚಹಾದಂಗಡಿಯಲ್ಲಿ ಗಡಿ ಮಾತು ಎದ್ದರೆ ಯಾರಾದರೊಬ್ಬರು "ಗೋವಾದಾಗ ಮಾಡಿದ್ರಲ್ರಿ ಕಾಕಾ, ಹಂಗ ಒಂದ್ ವೋಟ್ ಹಾಕಿಸಿಬಿಡ್ಲಿ" ಅಂತಾರೆ. ಅದು ಸಂವಿಧಾನದ ವೋಟಲ್ಲ, ಸಂಸತ್ತು ಬೇರೆ ಕಾನೂನು ಮಾಡಿ 1967ರ ಜನವರಿ 16ಕ್ಕೆ ನಡೆಸಿದ್ದು. ಆದರೆ ಪ್ರಶ್ನೆ ಎಷ್ಟು ನೇರ ಇತ್ತು ನೋಡಿ: ಮಹಾರಾಷ್ಟ್ರಕ್ಕೆ ಸೇರಬೇಕಾದರೆ ಹೂವು, ಬೇರೆಯಾಗೇ ಉಳಿಯಬೇಕಾದರೆ ಎರಡು ಎಲೆ. ಅಕ್ಷರ ಬಾರದ ಅಜ್ಜಿಗೂ ತಾನು ಯಾವುದಕ್ಕೆ ವೋಟು ಹಾಕ್ತಿದ್ದೀನಿ ಅಂತ ಗೊತ್ತಿತ್ತು. 34,021 ಮತಗಳಿಂದ ಎರಡೆಲೆ ಗೆದ್ದಿತು.

ನಮ್ಮ ಸಂವಿಧಾನದ 368ನೇ ವಿಧಿಯಲ್ಲಿ ಜನರ ವೋಟಿನ ಮಾತಿಲ್ಲ. ಸಂಸತ್ತಿನ ಮೂರನೇ ಎರಡರಷ್ಟು ಬಹುಮತ, ಕೆಲವಕ್ಕೆ ಅರ್ಧದಷ್ಟು ರಾಜ್ಯಗಳ ಒಪ್ಪಿಗೆ, ಅಷ್ಟೇ. ತುರ್ತು ಪರಿಸ್ಥಿತಿ ಮುಗಿದ ಮೇಲೆ 1978ರಲ್ಲಿ ಜನತಾ ಸರ್ಕಾರ, ಪ್ರಜಾಪ್ರಭುತ್ವ, ಜಾತ್ಯತೀತತೆ ಥರದ ಸಂವಿಧಾನದ ಮೂಲ ಲಕ್ಷಣ ಮುಟ್ಟೋದಾದರೆ ಜನರನ್ನೇ ಕೇಳಬೇಕು ಅಂತ ಸೇರಿಸೋಕೆ ಹೊರಟಿತ್ತು. ಲೋಕಸಭೆ ಒಪ್ಪಿತು, ರಾಜ್ಯಸಭೆ ಬಿಡಲಿಲ್ಲ. ನನ್ನ ಪ್ರಕಾರ ಅದು ಇರಬೇಕಿತ್ತು, ಅಷ್ಟಕ್ಕೆ ಮಾತ್ರ, ಒಂದು ಸಲಕ್ಕೆ ಒಂದೇ ಪ್ರಶ್ನೆ. ಜಿಎಸ್‌ಟಿ ಥರದ ತಿದ್ದುಪಡಿಗೆಲ್ಲ ಜನರನ್ನು ಸುಮ್ನೆ ಬಿಸಿಲಲ್ಲಿ ಪಾಳಿ ಹಚ್ಚಿಸೋದು ಬೇಡ.