ಕರೆಂಟ್ ಹೋದದ್ದರಿಂದ ಉಳಿದ ದುಡ್ಡು

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ದುಡ್ಡಿನದು, ಉಳಿದದ್ದು ಮಕ್ಕಳದು. ಒಬ್ಬರು ಕೃತಕ ಬುದ್ಧಿಮತ್ತೆಯ ಬಗ್ಗೆ ಇನ್‌ಲ್ಯಾಂಡ್ ಲೆಟರಿನಲ್ಲಿ ಬರೆದಿದ್ದಾರೆ. ಅದನ್ನು ನನ್ನ ಝೆರಾಕ್ಸ್ ಅಂಗಡಿಯ ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡಿದ್ದೇನೆ, ಬಂದವರಿಗೆಲ್ಲ ತೋರಿಸುತ್ತೇನೆ.

ಪ್ರಶ್ನೆ: ನನಗೆ 71 ವರ್ಷ, ನಿವೃತ್ತ ಅಧ್ಯಾಪಕ. ಜುಲೈಯ ಒಂದು ಬೆಳಿಗ್ಗೆ ಮುಂಬಯಿ ಪೊಲೀಸ್ ಎಂದು ಹೇಳಿಕೊಂಡವನೊಬ್ಬ ವೀಡಿಯೊ ಕರೆ ಮಾಡಿದ. ನಿಮ್ಮ ಹೆಸರಿನ ಪಾರ್ಸೆಲಿನಲ್ಲಿ ಮಾದಕ ವಸ್ತು ಸಿಕ್ಕಿದೆ, ನಿಮ್ಮನ್ನು ‘ಡಿಜಿಟಲ್ ಅರೆಸ್ಟ್’ ಮಾಡಿದ್ದೇವೆ, ಕ್ಯಾಮೆರಾದ ಮುಂದಿನಿಂದ ಏಳಬಾರದು ಎಂದ. ಎರಡು ಗಂಟೆ ಕುಳಿತೆ. ಹೆಂಡತಿ ಕಾಫಿ ತಂದರೆ ಕೈಸನ್ನೆಯಲ್ಲೇ ಒಳಗೆ ಕಳುಹಿಸಿದೆ. ಠೇವಣಿ ಮುರಿಸುವ ಮಾತಿಗೆ ಬರುವಷ್ಟರಲ್ಲಿ ಗಾಳಿಮಳೆಗೆ ಕರೆಂಟ್ ಹೋಗಿ ವೈಫೈ ನಿಂತಿತು, ಬಚಾವಾದೆ. ಈಗ ಮಗ ನಗುತ್ತಾನೆ. ನಾನು ಅಷ್ಟು ಪೆದ್ದನೇ?
– ಹೆಸರು ಬೇಡ, ಕುಂದಾಪುರ

ಉತ್ತರ: ಮಾಸ್ಟ್ರೇ, ನೀವು ಪೆದ್ದರಾಗಿದ್ದರೆ ಆ ಕಳ್ಳನಿಗೆ ನಿಮ್ಮಿಂದ ಏನೂ ಗಿಟ್ಟುತ್ತಿರಲಿಲ್ಲ. ಮಾತು ಅರ್ಥವಾಗದೆ ಫೋನನ್ನು ಅಲ್ಲೇ ಇಟ್ಟು ತೋಟಕ್ಕೆ ಹೋಗಿಬಿಡುತ್ತಿದ್ದಿರಿ. ಈ ಬಲೆ ಹೆಣೆದಿರುವುದೇ ಹಾಜರಿ ಪುಸ್ತಕಕ್ಕೆ ಹೊತ್ತಿಗೆ ಸರಿಯಾಗಿ ಸಹಿ ಹಾಕಿದವರಿಗಾಗಿ, ಸರಕಾರಿ ಲಕೋಟೆ ಬಂದರೆ ಕೈ ಒರೆಸಿಕೊಂಡು ಒಡೆಯುವವರಿಗಾಗಿ. ನಿಮ್ಮ ಮಗ ಯಾವ ಕಚೇರಿಗೂ ಹೆದರಿ ಬೆಳೆದವನಲ್ಲ. ಅದಕ್ಕೇ ಅವನಿಗೆ ನಗು ಬರುತ್ತದೆ.

ಮೊದಲು ಕಾನೂನಿನ ಮಾತು. ಡಿಜಿಟಲ್ ಅರೆಸ್ಟ್ ಎಂಬುದು ನಮ್ಮ ದೇಶದ ಯಾವ ಕಾನೂನಿನಲ್ಲೂ ಇಲ್ಲ. 2024ರ ಅಕ್ಟೋಬರ್ 27ರಂದು ಪ್ರಧಾನಿಯವರು ತಮ್ಮ ತಿಂಗಳ ರೇಡಿಯೊ ಭಾಷಣದಲ್ಲೇ ಇದನ್ನು ಹೇಳಿದರು. ಆ ದಿನ ಅವರು ಕೇಳಿಸಿದ್ದು ನಮ್ಮ ವಿಜಯಪುರದವರೊಬ್ಬರಿಗೆ ಬಂದಿದ್ದ ಇಂಥದೇ ಕರೆ. ಆಮೇಲೆ ಯಾರಿಗೆ ಫೋನ್ ಮಾಡಿದರೂ ರಿಂಗ್ ಆಗುವ ಮೊದಲು ಎಚ್ಚರಿಕೆಯ ಪಾಠ ಕೇಳಿ ಕೇಳಿ ನಮಗೆಲ್ಲ ಸಾಕಾಯಿತು. ಆದರೂ ಜನ ಬೀಳುತ್ತಲೇ ಇದ್ದಾರೆ.

ಕಳೆದ ವರ್ಷ ಆಟಿಯ ಮಳೆಯಲ್ಲಿ ಅರುವತ್ತು ದಾಟಿದ ಒಬ್ಬರು ಅಂಗಡಿಗೆ ಬಂದರು. ಕೊಡೆಯನ್ನು ಹೊರಗೆ ಇಡದೆ ಕಂಕುಳಲ್ಲೇ ಒತ್ತಿ ಹಿಡಿದಿದ್ದರು, ಸೀರೆಯೆಲ್ಲ ಒದ್ದೆ. “ಇದನ್ನು ಬಣ್ಣದಲ್ಲಿ ಎರಡು ಪ್ರತಿ ತೆಗೆದುಕೊಡಿ” ಎಂದು ಮೊಬೈಲ್ ಚಾಚಿದರು. ಮೇಲೆ ಸುಪ್ರೀಂ ಕೋರ್ಟಿನ ಹೆಸರು, ಸಿಂಹಗಳ ಮುದ್ರೆ, ಕೆಳಗೆ ಹಸಿರು ಶಾಯಿಯ ಸಹಿ. ನಾನು ಈ ಊರಿನ ಸರ್ವಿಸ್ ಬಸ್ ನಿಲ್ದಾಣದ ಬಳಿ ಇಪ್ಪತ್ತೆಂಟು ವರ್ಷಗಳಿಂದ ಇನ್ನೊಬ್ಬರ ಕಾಗದಗಳನ್ನು ನೋಡುತ್ತಾ ಕುಳಿತವಳು. ಮುದ್ರೆಯ ಅಂಚು ಒಡೆದಿತ್ತು, ಬೇರೆಲ್ಲಿಂದಲೋ ಕತ್ತರಿಸಿ ಅಂಟಿಸಿದ್ದು. ಎರಡನೆಯ ಪುಟದಲ್ಲಿ ಹಣ ಹಾಕಬೇಕಾದ ಖಾತೆ ಇತ್ತು. ಅದು ಯಾವುದೋ ಒಬ್ಬ ವ್ಯಕ್ತಿಯ ಹೆಸರಿನಲ್ಲಿ! ಸುಪ್ರೀಂ ಕೋರ್ಟು ಬಾಡಿಗೆ ಮನೆಯವರ ಹಾಗೆ ಯಾರದೋ ಖಾತೆಗೆ ದುಡ್ಡು ಹಾಕಿಸಿಕೊಳ್ಳುತ್ತದೆಯೇ? ಅವರನ್ನು ಸ್ಟೂಲಿನಲ್ಲಿ ಕೂರಿಸಿ, ಚಹಾ ತರಿಸಿ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಹಚ್ಚಿದೆ. ಒಂದು ಕಂತು ಆಗಲೇ ಹೋಗಿತ್ತು.

ಆ ಸಂಖ್ಯೆಯನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ದಪ್ಪಗೆ ಬರೆದಿಡಿ: 1930. ಹಣ ಹೋದ ಕೂಡಲೇ, ಮನೆಯವರು ಏನೆನ್ನುತ್ತಾರೋ ಎಂದು ಯೋಚಿಸುವ ಮೊದಲೇ ಮಾಡಬೇಕು. ದುಡ್ಡು ಒಂದು ಖಾತೆಯಿಂದ ಮತ್ತೊಂದಕ್ಕೆ ಹಾರುವ ಮೊದಲು ತಡೆ ಬಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ನಾಚಿಕೆಪಟ್ಟುಕೊಂಡು ಒಂದು ರಾತ್ರಿ ಕಳೆದರೆ ಕಳ್ಳನಿಗೆ ಆ ರಾತ್ರಿ ಧಾರಾಳ ಸಾಕು.

ನನ್ನ ಸಿಟ್ಟು ಬೇರೆ ಕಡೆ ಇದೆ. ಕೆನರಾ ಬ್ಯಾಂಕು 1906ರಲ್ಲಿ ಮಂಗಳೂರಿನಲ್ಲಿ, ಕಾರ್ಪೊರೇಷನ್ ಬ್ಯಾಂಕು ಅದೇ ವರ್ಷ ಉಡುಪಿಯಲ್ಲಿ, ಕರ್ಣಾಟಕ ಬ್ಯಾಂಕು 1924ರಲ್ಲಿ, ಸಿಂಡಿಕೇಟು 1925ರಲ್ಲಿ, ವಿಜಯಾ 1931ರಲ್ಲಿ ಹುಟ್ಟಿದ ನೆಲ ಇದು. 1928ರಲ್ಲಿ ಸಿಂಡಿಕೇಟಿನವರು ಪಿಗ್ಮಿ ಶುರು ಮಾಡಿದಾಗ ದಿನಕ್ಕೆ ಎರಡಾಣೆ ಕೊಟ್ಟರೆ ಸಾಕಿತ್ತು. ನಮ್ಮ ಮನೆಗೆ ಬರುತ್ತಿದ್ದ ಪಿಗ್ಮಿಯವರಿಗೆ ಅಮ್ಮ ಮಜ್ಜಿಗೆ ಕೊಡುತ್ತಿದ್ದಳು. ಅವರ ಮನೆ ಯಾವುದು, ಮಗಳನ್ನು ಎಲ್ಲಿಗೆ ಕೊಟ್ಟದ್ದು ಎಲ್ಲ ಗೊತ್ತಿತ್ತು. ಒಂದು ದಿನ ಅಮ್ಮ ಪುಸ್ತಕ ಕೊಟ್ಟು “ಎಲ್ಲವನ್ನೂ ತೆಗೆಸಬೇಕು” ಎಂದಾಗ ಆ ಮನುಷ್ಯ ಜಗಲಿಯಲ್ಲೇ ಕುಳಿತು “ಯಾಕೆ, ಏನಾಯಿತು?” ಎಂದು ಕೇಳಿದರು. ಅದು ಅವರ ಅಧಿಕಪ್ರಸಂಗ ಎಂದು ಯಾರಿಗೂ ಅನಿಸಲಿಲ್ಲ. ಇಂದು ಇಡೀ ಜೀವಮಾನದ ಠೇವಣಿಯನ್ನು ಮಂಚದ ಮೇಲೆ ಕುಳಿತು ಮೂರು ಸಲ ಬೆರಳೊತ್ತಿ ಮುರಿಯಬಹುದು. ಯಾಕೆಂದು ಕೇಳುವವರಿಲ್ಲ. ಇದನ್ನು ಸೌಲಭ್ಯ ಎಂದು ಜಾಹೀರಾತು ಮಾಡುತ್ತಾರೆ. ಅರುವತ್ತು ದಾಟಿದವರ ದೊಡ್ಡ ಠೇವಣಿ ಮುರಿಯಬೇಕಾದರೆ ಒಂದು ದಿನ ತಡವಾಗಲಿ, ಶಾಖೆಯಿಂದ ಒಬ್ಬರು ಫೋನ್ ಮಾಡಿ ಮಾತಾಡಲಿ ಎನ್ನುವುದು ನನ್ನ ವಾದ. ನಿಮ್ಮ ಪಾಲಿಗೆ ಆ ಕೆಲಸವನ್ನು ಮಾಡಿದ್ದು ಗಾಳಿಗೆ ಮುರಿದ ಯಾವುದೋ ಹಲಸಿನ ಗೆಲ್ಲು.

ಪ್ರಶ್ನೆ: ರಥಬೀದಿಯಲ್ಲಿ ಮಲ್ಲಿಗೆ ಮಾರುತ್ತೇನೆ. ಫೋನಿನಲ್ಲಿ ದುಡ್ಡು ತೆಗೆದುಕೊಂಡರೆ ಜಿಎಸ್‌ಟಿ ನೋಟಿಸು ಬರುತ್ತದೆ ಎಂದು ಹೆದರಿಸುತ್ತಾರೆ. ಕ್ಯೂಆರ್ ಚೀಟಿಯನ್ನು ಕಿತ್ತುಹಾಕಲೇ?
– ಹೂವಿನವಳು, ಉಡುಪಿ

ಉತ್ತರ: ಬೇಡ ಅಕ್ಕಾ. ನಿಮ್ಮ ಹೆದರಿಕೆ 2025ರ ಜುಲೈಯದು. ಆಗ ರಾಜ್ಯದ ವಾಣಿಜ್ಯ ತೆರಿಗೆಯವರು ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕೊಟ್ಟರು. ಹಾವೇರಿಯ ತರಕಾರಿಯವರೊಬ್ಬರಿಗೆ 29 ಲಕ್ಷ ರೂಪಾಯಿ ಕಟ್ಟಿ ಎಂದು ಬಂತು. ಬೆಂಗಳೂರಿನಲ್ಲಿ ಕ್ಯೂಆರ್ ತೆಗೆದು ‘ನಗದು ಮಾತ್ರ’ ಎಂಬ ಬೋರ್ಡು ನೇತುಹಾಕಿದರು. ಗಲಾಟೆಯಾದ ಮೇಲೆ ಸರಕಾರ ತಣ್ಣಗಾಯಿತು.

ತಾಜಾ ಹೂವಿಗೆ ಜಿಎಸ್‌ಟಿ ಇಲ್ಲ. ಬರೀ ಹೂವು ಮಾರುವವರು ಎಷ್ಟು ಅಟ್ಟೆ ಮಾರಿದರೂ ನೋಂದಣಿ ಬೇಕಿಲ್ಲ. ಆದರೆ ಪಕ್ಕದಲ್ಲಿ ಊದುಬತ್ತಿ, ಕರ್ಪೂರ ಇಟ್ಟುಕೊಂಡಿದ್ದೀರಾ? ಅವಕ್ಕೆ ತೆರಿಗೆ ಇದೆ. ಆಗ ಹೂವಿನದನ್ನೂ ಸೇರಿಸಿ ವರ್ಷದ ಒಟ್ಟು ವ್ಯಾಪಾರ 40 ಲಕ್ಷ ದಾಟುತ್ತದೆಯೇ ಎಂದು ನೋಡುತ್ತಾರೆ. ಇನ್ನೊಂದು ಮಾತು: ದುಬೈಯಿಂದ ತಮ್ಮ ಕಳುಹಿಸುವ ದುಡ್ಡು, ಸಂಘದ ಸಾಲದ ದುಡ್ಡು, ಹೂವಿನ ದುಡ್ಡು ಎಲ್ಲವೂ ಒಂದೇ ಖಾತೆಗೆ ಬಂದರೆ ಯಂತ್ರಕ್ಕೆ ಅದೆಲ್ಲ ವ್ಯಾಪಾರವೇ. ಹೂವಿಗೆ ಬೇರೆ ಖಾತೆ ಮಾಡಿ. ಯಾವ ದಿನ ಎಷ್ಟು ಚೆಂಡು ತಂದಿರಿ ಎಂದು ಒಂದು ನೋಟ್‌ಬುಕ್ಕಿನಲ್ಲಿ ಗೀಚಿಡಿ. ನೋಟಿಸು ಬಂದರೂ ಅದು ಪ್ರಶ್ನೆ ಮಾತ್ರ, ತೀರ್ಪಲ್ಲ. ಉತ್ತರ ಬರೆಯಲು ನನ್ನ ಅಂಗಡಿಗೆ ಬನ್ನಿ.

ಪ್ರಶ್ನೆ: ಅಂಗಡಿಗಳಲ್ಲಿ ‘ಇಷ್ಟು ರೂಪಾಯಿ ಬಂದಿದೆ’ ಎಂದು ಕೂಗುವ ಡಬ್ಬಿ ಬೇಕೇ? ನಾನು ಏನು ಖರ್ಚು ಮಾಡಿದೆ ಎಂದು ಊರಿಗೆಲ್ಲ ಯಾಕೆ ತಿಳಿಯಬೇಕು?
– ಒಬ್ಬ ಓದುಗ, ಕದ್ರಿ

ಉತ್ತರ: ಕಳುಹಿಸಿದ ಹಾಗೆ ನಕಲಿ ಚಿತ್ರ ತೋರಿಸಿ ಸಾಮಾನು ಒಯ್ಯುವವರು ಇರುವವರೆಗೆ ಬೇಕು. ಮೆಡಿಕಲ್ ಅಂಗಡಿಯಲ್ಲಿ ಮಾತ್ರ ಅದರ ಬಾಯಿ ಸ್ವಲ್ಪ ತಗ್ಗಿಸಬಹುದು.

ಪ್ರಶ್ನೆ: ಆಸ್ಟ್ರೇಲಿಯಾದಲ್ಲಿ 16 ವರ್ಷದ ಒಳಗಿನ ಮಕ್ಕಳಿಗೆ ಸಾಮಾಜಿಕ ಜಾಲತಾಣ ನಿಷೇಧವಾಗಿದೆಯಲ್ಲ, ನಮ್ಮಲ್ಲೂ ಬರಬೇಡವೇ? ನನ್ನ ಎಂಟನೆಯ ತರಗತಿಯ ಮಗ ಊಟದ ತಟ್ಟೆಯ ಪಕ್ಕದಲ್ಲೂ ರೀಲ್ಸ್ ನೋಡುತ್ತಾನೆ.
– ಒಬ್ಬ ತಾಯಿ, ಸುರತ್ಕಲ್

ಉತ್ತರ: ಅಲ್ಲಿ ಅದು 2025ರ ಡಿಸೆಂಬರ್ 10ರಿಂದ ಜಾರಿಗೆ ಬಂತು. ನನಗೆ ಅದರಲ್ಲಿ ಹಿಡಿಸಿದ್ದು ನಿಷೇಧ ಅಲ್ಲ. ಮಕ್ಕಳು ಕಳ್ಳದಾರಿ ಹುಡುಕುವುದರಲ್ಲಿ ಬೆಕ್ಕಿಗಿಂತ ಮುಂದು. ಹಿಡಿಸಿದ್ದು ದಂಡದ ಲೆಕ್ಕ. ಮಗುವಿಗೂ ದಂಡ ಇಲ್ಲ, ಅಪ್ಪ ಅಮ್ಮನಿಗೂ ಇಲ್ಲ. ಮಕ್ಕಳನ್ನು ದೂರ ಇಡಲು ತಕ್ಕ ಕ್ರಮ ಕೈಗೊಳ್ಳದ ಕಂಪನಿಗೆ 4.95 ಕೋಟಿ ಆಸ್ಟ್ರೇಲಿಯನ್ ಡಾಲರ್‌ವರೆಗೆ. ನಮ್ಮಲ್ಲಿ ಎಲ್ಲದಕ್ಕೂ ತಾಯಿಗೆ ಬೈದು ಮುಗಿಸುತ್ತೇವೆ. ಮಕ್ಕಳು ಫೋನು ಕೈಬಿಡದ ಹಾಗೆ ಮಾಡಲು ಆ ಕಂಪನಿಗಳಲ್ಲಿ ಸಾವಿರ ಇಂಜಿನಿಯರುಗಳು ಕುಳಿತಿರುತ್ತಾರೆ, ಇಲ್ಲಿ ನೀವು ಒಬ್ಬರೇ, ಅದೂ ಒಲೆಯ ಮೇಲೆ ಸಾರು ಇಟ್ಟುಕೊಂಡು.

ಕಾನೂನು ಬರುವಾಗ ಬರಲಿ. ಅಷ್ಟರವರೆಗೆ ಊಟದ ಹೊತ್ತಿನಲ್ಲಿ ಮನೆಯ ಎಲ್ಲ ಫೋನುಗಳೂ ಅಕ್ಕಿ ಡಬ್ಬದ ಮೇಲೆ ಇರಲಿ. ಎಲ್ಲ ಎಂದರೆ ನಿಮ್ಮ ಯಜಮಾನರದ್ದೂ.

ಪ್ರಶ್ನೆ: ನಾನು ನಲವತ್ತು ವರ್ಷ ಬೀಡಿ ಕಟ್ಟಿದವಳು. ಪಿಂಚಣಿಗೆ ಬದುಕಿದ್ದೇನೆ ಎಂದು ತೋರಿಸಲು ಹೋದರೆ ಯಂತ್ರದಲ್ಲಿ ಬೆರಳು ಹಿಡಿಯುವುದಿಲ್ಲ. ಮೂರು ಸಲ ಹಿಂದೆ ಬಂದೆ. (ಮೊಮ್ಮಗಳ ಕೈಯಲ್ಲಿ ಬರೆಸಿದ್ದು)
– ಬಂಟ್ವಾಳ

ಉತ್ತರ: ಅಮ್ಮಾ, ನಿಮ್ಮಂಥವರ ಹೆಬ್ಬೆರಳನ್ನು ನಾನು ಅಂಗಡಿಯಲ್ಲಿ ಕೈಯಲ್ಲಿ ಹಿಡಿದು ನೋಡಿದ್ದೇನೆ. ಎಲೆ ಮಡಚಿ ಮಡಚಿ, ನೂಲು ಎಳೆದು ಎಳೆದು ಗೆರೆಯೇ ಇಲ್ಲ, ಹೊಳೆಯ ಕಲ್ಲಿನ ಹಾಗೆ ನುಣುಪು. ಒದ್ದೆ ಬಟ್ಟೆಯಲ್ಲಿ ಒರೆಸಿದೆ, ಸ್ವಲ್ಪ ಎಣ್ಣೆ ಹಚ್ಚಿದೆ, ಬೆರಳು ಬದಲಿಸಿದೆ. ಯಂತ್ರ ಕೆಂಪು ದೀಪವನ್ನೇ ತೋರಿಸಿತು. ದುಡಿದದ್ದಕ್ಕೆ ಸಾಕ್ಷಿ ಆ ಸವೆದ ಬೆರಳು. ಅದೇ ಬೆರಳನ್ನು ಕಂಡು ‘ನೀನು ನೀನಲ್ಲ’ ಎನ್ನುತ್ತದೆ ಯಂತ್ರ. ಇಷ್ಟೆಲ್ಲ ನಡೆಯುವುದು ಕನಿಷ್ಠ ಸಾವಿರ ರೂಪಾಯಿಯ ಪಿಂಚಣಿಗೆ.

ದಾರಿ ಇದೆ. ಜೀವನ್ ಪ್ರಮಾಣ್ ಎಂಬ ಈ ವ್ಯವಸ್ಥೆ 2014ರಲ್ಲಿ ಬಂತು. 2021ರಿಂದ ಬೆರಳಿನ ಬದಲು ಮೊಬೈಲಿನಲ್ಲಿ ಮುಖ ತೋರಿಸಿದರೂ ಆಗುತ್ತದೆ. ಮೊಮ್ಮಗಳ ಫೋನೇ ಸಾಕು. ಬೆಳಕಿಗೆ ಎದುರಾಗಿ ಕುಳಿತುಕೊಳ್ಳಿ, ಹೇಳಿದಾಗ ಕಣ್ಣು ಮಿಟುಕಿಸಿ. ಅದೂ ಆಗದಿದ್ದರೆ ನಿಮ್ಮ ಅಂಚೆಯಣ್ಣನನ್ನು ಕೇಳಿ, ಅಂಚೆಯವರು ಮನೆಗೇ ಬಂದು ಮಾಡಿಕೊಡುವ ಸೇವೆ ಇದೆ. ನವೆಂಬರಿನ ನೂಕುನುಗ್ಗಲಿಗೆ ಹೋಗಬೇಡಿ. ಭವಿಷ್ಯನಿಧಿಯ ಪಿಂಚಣಿಯವರು ವರ್ಷದ ಯಾವ ತಿಂಗಳಲ್ಲಾದರೂ ಕೊಡಬಹುದು, ಕೊಟ್ಟ ದಿನದಿಂದ ಒಂದು ವರ್ಷ ನಡೆಯುತ್ತದೆ.

ಪ್ರಶ್ನೆ: ಗೂಗಲ್ ಅನುವಾದದಲ್ಲಿ ತುಳು ಬಂದಿದೆ. ಇನ್ನು ತುಳು ಉಳಿಯುತ್ತದೆ ಅಲ್ಲವೇ?
– ಒಬ್ಬ ಅಭಿಮಾನಿ, ಮೂಡುಬಿದಿರೆ

ಉತ್ತರ: 2024ರ ಜೂನ್‌ನಲ್ಲಿ ಒಂದೇ ಸಲಕ್ಕೆ ಸೇರಿಸಿದ 110 ಭಾಷೆಗಳಲ್ಲಿ ತುಳುವೂ ಬಂತು. ಅದೇ ಸೆಪ್ಟೆಂಬರಿನಲ್ಲಿ ತುಳು–ತಿಗಳಾರಿ ಲಿಪಿ ಕಂಪ್ಯೂಟರಿನ ಅಕ್ಷರಪಟ್ಟಿಯಾದ ಯೂನಿಕೋಡಿಗೆ ಸೇರಿತು. ಎರಡೂ ಸಂತೋಷದ ಸುದ್ದಿ, ನಾನು ಅಂಗಡಿಯಲ್ಲಿ ಕಡಲೆಮಿಠಾಯಿ ಹಂಚಿದೆ. ಆದರೆ ಯಂತ್ರ ಕಲಿಯುವುದು ಬರೆದದ್ದನ್ನು ನೋಡಿ, ನಮ್ಮ ತುಳು ಇರುವುದು ಬಾಯಲ್ಲಿ. ಸೊಪ್ಪಿಗೆ ಒಬ್ಬರು ‘ಸಪ್ಪು’ ಎಂದರೆ ಇನ್ನೊಬ್ಬರು ‘ತಪ್ಪು’ ಎನ್ನುತ್ತಾರೆ. ಪಾಪ, ಯಾವುದು ತಪ್ಪು ಎಂದು ಅದಕ್ಕೆ ಹೇಗೆ ಗೊತ್ತಾಗಬೇಕು? ನಿಮ್ಮ ಮೊಮ್ಮಕ್ಕಳ ಹತ್ತಿರ ಯಾವ ಭಾಷೆಯಲ್ಲಿ ಮಾತಾಡುತ್ತೀರಿ? ಅದನ್ನು ಮುಂದಿನ ಪತ್ರದಲ್ಲಿ ಬರೆಯಿರಿ.

ಪ್ರಶ್ನೆ: ವಿದ್ಯಾರ್ಥಿಗಳು ಪ್ರಾಜೆಕ್ಟ್ ಎಲ್ಲ ಚಾಟ್‌ಜಿಪಿಟಿಯಲ್ಲಿ ಬರೆಸುತ್ತಾರೆ. ಉಪನ್ಯಾಸಕಿಯಾಗಿ ನಾನು ಏನು ಮಾಡಲಿ? (ಇನ್‌ಲ್ಯಾಂಡ್ ಲೆಟರಿನಲ್ಲಿ)
– ಕಾರ್ಕಳ

ಉತ್ತರ: ನಿಮಗಿಂತ ಮೊದಲು ಅವನ್ನು ಓದುವವಳು ನಾನು, ಮೇಡಂ. ಒಂದೇ ಸಂಜೆ ಪಶ್ಚಿಮಘಟ್ಟದ ಬಗ್ಗೆ ಹದಿನಾಲ್ಕು ಪ್ರಾಜೆಕ್ಟ್ ಮುದ್ರಿಸಿದೆ, ಹದಿನಾಲ್ಕರಲ್ಲೂ ಅದೇ ಏಳು ಉಪಶೀರ್ಷಿಕೆ. ಒಬ್ಬ ಹುಡುಗನ ಮೊದಲ ಪುಟದ ಮೇಲ್ತುದಿಯಲ್ಲೇ ‘ಖಂಡಿತ, ನೀವು ಕೇಳಿದ ಪ್ರಬಂಧ ಇಲ್ಲಿದೆ’ ಎಂದಿತ್ತು. ತೆಗೆಯಬೇಕೇ ಎಂದು ಕೇಳಿದೆ. “ಬೇಡ ಆಂಟಿ, ಅದು ಪೀಠಿಕೆ” ಎಂದ.

ಯಂತ್ರ ಬರೆದದ್ದನ್ನು ಹಿಡಿಯುವ ತಂತ್ರಾಂಶಗಳನ್ನು ನಂಬಬೇಡಿ, ಚೆನ್ನಾಗಿ ಬರೆಯುವ ಬಡ ಹುಡುಗಿಯನ್ನೂ ಅವು ಕಳ್ಳಿ ಎನ್ನುತ್ತವೆ. ಪ್ರಶ್ನೆ ಬದಲಿಸಿ. ಪಶ್ಚಿಮಘಟ್ಟ ಬೇಡ, ‘ನಿಮ್ಮ ಮನೆಯ ಬಾವಿಯಲ್ಲಿ ಮಾರ್ಚ್‌ನಿಂದ ಮೇವರೆಗೆ ನೀರು ಎಷ್ಟು ಇಳಿಯಿತು, ಹಗ್ಗದಲ್ಲಿ ಅಳೆದು ಬರೆಯಿರಿ’ ಎಂದು ಕೊಡಿ. ಮತ್ತೆ ಎದುರಿಗೆ ನಿಲ್ಲಿಸಿ ಐದು ನಿಮಿಷ ಮಾತಾಡಿಸಿ. ಅರುವತ್ತು ಮಕ್ಕಳಿಗೆ ಐದೈದು ನಿಮಿಷ ಎಲ್ಲಿಂದ ತರಲಿ ಎನ್ನುತ್ತೀರಿ. ಅದನ್ನು ನಿಮ್ಮ ಆಡಳಿತ ಮಂಡಳಿಗೆ ಕೇಳಬೇಕು, ಚಾಟ್‌ಜಿಪಿಟಿಗೆ ಅಲ್ಲ.

ಪ್ರಶ್ನೆ: ಎಲ್ಲವೂ ಮೊಬೈಲಿಗೆ ಬಂದ ಮೇಲೆ ನಿಮ್ಮ ಅಂಗಡಿ ಮುಚ್ಚುವುದು ಯಾವಾಗ?
– ಕುತೂಹಲಿ, ಕಾಪು

ಉತ್ತರ: ನಾನು ಎಸ್‌ಟಿಡಿ ಬೂತಿನಿಂದ ಶುರು ಮಾಡಿದವಳು. ರಾತ್ರಿ ದರ ಇಳಿದ ಮೇಲೆ ಮುಂಬಯಿಗೆ ಮಾತಾಡಲು ಜನ ಸಾಲು ನಿಲ್ಲುತ್ತಿದ್ದರು. ಮೊಬೈಲ್ ಬಂದಾಗ ಮುಚ್ಚುತ್ತೇನೆ ಎಂದುಕೊಂಡೆ, ಝೆರಾಕ್ಸ್ ಹಿಡಿಯಿತು. ಆಮೇಲೆ ಎಲ್ಲ ಅರ್ಜಿಗಳೂ ಆನ್‌ಲೈನ್, ಕಾಗದರಹಿತ ಎಂದರು. ಅಂದಿನಿಂದ ಅರ್ಜಿಯನ್ನು ತುಂಬಿಸಲು ನನ್ನ ಬಳಿ ಬರುತ್ತಾರೆ, ತುಂಬಿಸಿದ್ದಕ್ಕೆ ಸಾಕ್ಷಿಗೆ ಒಂದು ಪ್ರತಿ ಮುದ್ರಿಸುತ್ತಾರೆ, ಕಳೆದರೆ ಎಂದು ಇನ್ನೊಂದು. ಮೊದಲು ತಿಂಗಳಿಗೆ ಆರು ಕಟ್ಟು ಕಾಗದ ತರಿಸುತ್ತಿದ್ದೆ, ಈಗ ಹತ್ತು. ಬರುವುದಾದರೆ ಹನ್ನೊಂದರ ಮೊದಲು ಬನ್ನಿ. ಒಂದೂವರೆಯಿಂದ ಮೂರರವರೆಗೆ ಊಟ.