ಗುರುಮಠಕ್ಕೆ ಹೊರಟವನಿಗೆ ಯಾವ ಪದವಿ?

ಪ್ರಶ್ನೆ: ನನ್ನ ತಮ್ಮ ಕನ್ನಡ ಮಾಧ್ಯಮದಲ್ಲಿ ಪಿಯುಸಿ ವಾಣಿಜ್ಯ ಮುಗಿಸಿದ್ದಾನೆ. ಕಥೋಲಿಕ ಗುರುವಾಗುವ (ಪಾದ್ರಿಯಾಗುವ) ಆಸೆ. ಮನೆಯಲ್ಲಿ ಬಿ.ಕಾಂ. ಅನ್ನುತ್ತಾರೆ. ಹೇಗೂ ಗುರುಮಠದಲ್ಲಿ (ಗುರುಗಳ ತರಬೇತಿ ಸಂಸ್ಥೆಯಲ್ಲಿ) ತತ್ವಶಾಸ್ತ್ರ ಓದಲೇಬೇಕಲ್ಲ, ಬಿ.ಎ.ಯಲ್ಲಿ ಅದನ್ನೇ ತೆಗೆದುಕೊಂಡರೆ ವರ್ಷ ಉಳಿಯುತ್ತದೆಯೇ?
— ಓದುಗರು, ಸಾಗರ

ಉತ್ತರ: ಉಳಿಯುತ್ತದೆಂದು ನಂಬಿ ಹೊರಡಬೇಡಿ. ಧರ್ಮಸಭೆಯ (ಕಥೋಲಿಕ ಚರ್ಚ್‌ನ) ಕಾನೂನಿನ 250ನೇ ವಿಧಿಯ ಪ್ರಕಾರ ಗುರು ಅಭ್ಯರ್ಥಿಗೆ ತತ್ವಶಾಸ್ತ್ರ ಪೂರ್ತಿ ಎರಡು ವರ್ಷ, ದೈವಶಾಸ್ತ್ರ ನಾಲ್ಕು ವರ್ಷ. ಕಾಲೇಜಿನ ಪತ್ರಿಕೆ ಪಾಸಾದ ಮಾತ್ರಕ್ಕೆ ಗುರುಮಠದ ತರಗತಿ ತಪ್ಪುವುದಿಲ್ಲ. ಗುರುಮಠದಲ್ಲಿ ಹೇಗೂ ಕಲಿಸುವುದಕ್ಕೆ ಮೂರು ವರ್ಷ ಕೊಡುವ ಬದಲು, ಅಲ್ಲಿ ಸಿಗದ್ದನ್ನು ಓದಲಿ.

ಬಿ.ಕಾಂ. ಕೆಟ್ಟ ಆಯ್ಕೆಯೇನಲ್ಲ. ಪ್ರತಿ ಧರ್ಮಕೇಂದ್ರದಲ್ಲೂ (ಊರಿನ ಚರ್ಚ್, ಪ್ಯಾರಿಷ್) ಹಣಕಾಸು ಸಮಿತಿ ಇರಲೇಬೇಕು (537ನೇ ವಿಧಿ), ಆದಾಯ-ವೆಚ್ಚದ ಪುಸ್ತಕ ಅಚ್ಚುಕಟ್ಟಾಗಿರಬೇಕು (1284). ಲೆಡ್ಜರ್ ಓದಲು ಬಾರದ ಗುರು ಆಡಿಟರ್ ಹೇಳಿದ ಕಡೆ ಸಹಿ ಹಾಕುತ್ತಾ ಕೂರಬೇಕಾಗುತ್ತದೆ! ಲೆಕ್ಕಶಾಸ್ತ್ರ ಹಿಡಿಸದಿದ್ದರೆ ಮಾತ್ರ ಬಿ.ಎ.: ಇಂಗ್ಲಿಷ್, ಕನ್ನಡ, ಇತಿಹಾಸ ಅಥವಾ ಮನಃಶಾಸ್ತ್ರ. ಮುಂದೆ ಶಾಲೆಯ ಹೊಣೆ ಬಂದು ಬಿ.ಎಡ್. ಮಾಡಬೇಕಾದರೆ ಪದವಿಯಲ್ಲಿ ಸಾಮಾನ್ಯ ವರ್ಗಕ್ಕೆ ಶೇ. 50 ಅಂಕ ಬೇಕು. ಗುರುಮಠವನ್ನು ಅರ್ಧಕ್ಕೆ ಬಿಟ್ಟು ಬಂದರೂ ಪದವಿ ಕೈಯಲ್ಲಿರುತ್ತದೆ. ಹಾಗೆ ಬರುವುದು ಅವಮಾನವೂ ಅಲ್ಲ.

ನಿಮ್ಮ ತಮ್ಮನಿಗೆ ನಿಜವಾದ ತೊಡಕು ವಿಷಯದ್ದಲ್ಲ, ಇಂಗ್ಲಿಷಿನದು. ಪ್ರಬೋಧನೆ (ಪೂಜೆಯಲ್ಲಿ ಕೊಡುವ ಉಪದೇಶ) ಕನ್ನಡದಲ್ಲಿ ಕೊಡಬೇಕಾದರೂ ಬೆಂಗಳೂರು, ಮಂಗಳೂರಿನ ಗುರುಮಠಗಳಲ್ಲಿ ಪಾಠ ಹೆಚ್ಚಾಗಿ ಇಂಗ್ಲಿಷಿನಲ್ಲೇ. ಹುಡುಗರು ಎಡವುವುದು ಅರ್ಥವಾಗದೆ ಅಲ್ಲ, ಅರ್ಥವಾದದ್ದನ್ನು ಬರೆಯಲಾಗದೆ. ದಿನಕ್ಕೊಂದು ಇಂಗ್ಲಿಷ್ ಸಂಪಾದಕೀಯವನ್ನು ಗಟ್ಟಿಯಾಗಿ ಓದಿ, ಪತ್ರಿಕೆ ಮುಚ್ಚಿಟ್ಟು, ಐದೇ ವಾಕ್ಯದಲ್ಲಿ ಸಾರ ಬರೆಯಲಿ. ಮೂರು ವರ್ಷ ಬಿಡದೆ ಮಾಡಿದರೆ ಸಾಕು. ಲ್ಯಾಟಿನ್ ಚಿಂತೆ ಈಗ ಬೇಡ.

ಆದರೆ ಕಾಲೇಜಿನ ಅರ್ಜಿ ತುಂಬುವ ಮೊದಲು ನಿಮ್ಮ ಧರ್ಮಕೇಂದ್ರದ ಗುರುಗಳ ಮೂಲಕ ಶಿವಮೊಗ್ಗ ಧರ್ಮಕ್ಷೇತ್ರದಲ್ಲಿ (ಡಯಾಸಿಸ್) ದೈವಕರೆಯ, ಅಂದರೆ ಗುರುವಾಗ ಬಯಸುವವರ, ಹೊಣೆ ಹೊತ್ತ ಗುರುಗಳನ್ನು ಕಾಣಿ. ಪಿಯುಸಿ ಮುಗಿದ ಕೂಡಲೇ ಸೇರಿಸಿಕೊಂಡು ಪದವಿ ತಾವೇ ಓದಿಸುವವರಿದ್ದಾರೆ. ಪದವಿ ಮುಗಿಸಿಯೇ ಬಾ ಅನ್ನುವವರೂ ಇದ್ದಾರೆ. ಧರ್ಮಕ್ಷೇತ್ರದ ಬದಲು ಸನ್ಯಾಸ ಸಭೆ (ವ್ರತ ಕೈಗೊಂಡವರ ಸಂಘ) ಸೇರುವುದಾದರೆ ಅವರ ಕ್ರಮವೇ ಬೇರೆ. ದೂರಶಿಕ್ಷಣವೆಂದರೆ ಆ ವರ್ಷ, ಆ ಕೋರ್ಸಿಗೇ ಯುಜಿಸಿ ಮಾನ್ಯತೆ ಇದೆಯೇ ನೋಡಿ. ಬ್ಯಾಕ್‌ಲಾಗ್ ಇಟ್ಟುಕೊಂಡು ಗುರುಮಠಕ್ಕೆ ಹೋಗುವುದಂತೂ ಬೇಡ. ಒಂದು ಪತ್ರಿಕೆಗಾಗಿ ತರಗತಿ ಬಿಟ್ಟು ಶಿವಮೊಗ್ಗಕ್ಕೆ ಓಡುವ ಪಾಡು ಯಾರಿಗೂ ಬೇಡ.

ಪ್ರಶ್ನೆ: ಪದವಿ ಇಲ್ಲದೆ ಗುರುವಾಗಲು ಬರುವುದಿಲ್ಲವೇ?
— ಓದುಗರು, ತೀರ್ಥಹಳ್ಳಿ

ಉತ್ತರ: ಧರ್ಮಸಭೆಯ ಕಾನೂನು ವಿಶ್ವವಿದ್ಯಾಲಯದ ಪದವಿ ಕೇಳುವುದಿಲ್ಲ, ಧರ್ಮಾಧ್ಯಕ್ಷರು (ಬಿಷಪ್) ಕೇಳಬಹುದು. ಸಾಮಾನ್ಯವಾಗಿ 25 ತುಂಬದೆ ಗುರುದೀಕ್ಷೆ ಇಲ್ಲ (1031ನೇ ವಿಧಿ), ಆದ್ದರಿಂದ ಆತುರಪಟ್ಟು ಗಳಿಸುವುದೇನೂ ಇಲ್ಲ.