ಓದುಗರ ಪ್ರಶ್ನೆ: ಸೆರೆಯಲ್ಲಿದ್ದ ಡ್ಯೂಕನ ಮನೆತನ ಯಾರ ಕೈ ಸೇರಿತು?

ಪ್ರಶ್ನೆ: ಆಜಿನ್‌ಕೋರ್ಟ್ ಯುದ್ಧದಲ್ಲಿ ಇಂಗ್ಲಿಷರ ಕೈಗೆ ಸಿಕ್ಕಿ ಇಪ್ಪತ್ತೈದು ವರ್ಷ ಸೆರೆಯಲ್ಲಿದ್ದ ಆರ್ಲಿಯನ್ಸಿನ ಡ್ಯೂಕ್ ಚಾರ್ಲ್ಸನ ವಿಚಾರ ಓದಿದೆ. ನಮ್ಮದು ಅಳಿಯಕಟ್ಟಿನ ಮನೆ. ಯಜಮಾನರ ಹಕ್ಕು ಅವರ ಮಕ್ಕಳಿಗಲ್ಲ, ಅಕ್ಕತಂಗಿಯರ ಮಕ್ಕಳಿಗೆ ಹೋಗುತ್ತಿದ್ದುದನ್ನು ಕಂಡವಳು ನಾನು. ಆ ಡ್ಯೂಕನ ಮನೆತನ ಹೇಗೆ ಉಳಿಯಿತು? ಅಲ್ಲಿ ಹೆಣ್ಣಿನ ಕಡೆಯವರಿಗೆ ಏನೂ ಹಕ್ಕಿರಲಿಲ್ಲವೇ?
– ಓದುಗರೊಬ್ಬರು, ಕುಂಬಳೆ

ಉತ್ತರ: ಚಾರ್ಲ್ಸ್ ಹುಟ್ಟಿದ್ದು 1394ರಲ್ಲಿ, ಪ್ಯಾರಿಸಿನಲ್ಲಿ. ತಂದೆ ಲೂಯಿ, ಫ್ರಾನ್ಸಿನ ದೊರೆಯ ತಮ್ಮ. ತಾಯಿ ವ್ಯಾಲೆಂಟಿನಾ, ಇಟಲಿಯ ಮಿಲಾನನ್ನು ಆಳುತ್ತಿದ್ದ ವಿಸ್ಕೋಂತಿ ಮನೆತನದ ಮಗಳು. 1407ರ ನವೆಂಬರಿನ ಒಂದು ರಾತ್ರಿ ತಂದೆಯನ್ನು ಪ್ಯಾರಿಸಿನ ಬೀದಿಯಲ್ಲಿ ಕಡಿದು ಕೊಂದರು. ಕೊಲ್ಲಿಸಿದವನು ದಾಯಾದಿಯಾದ ಬರ್ಗಂಡಿಯ ಡ್ಯೂಕ್ ಜಾನ್. ಮರುವರ್ಷ ತಾಯಿ ತೀರಿಕೊಂಡಳು. 1409ರಲ್ಲಿ ಹೆಂಡತಿ ಇಸಬೆಲ್ಲಾ ಹೆಣ್ಣುಮಗುವನ್ನು ಹೆತ್ತು ಬಾಣಂತಿಯಾಗಿಯೇ ಸತ್ತಳು. ಆಗ ಚಾರ್ಲ್ಸನಿಗೆ ಹದಿನೈದು ತುಂಬಿರಲಿಲ್ಲ. ತಮ್ಮ ಜಾನ್ 1412ರಲ್ಲಿ ಒತ್ತೆಯಾಳಾಗಿ ಇಂಗ್ಲೆಂಡಿಗೆ ಹೋದ; 1415ರಲ್ಲಿ ಅಣ್ಣನೂ ಅಲ್ಲಿಗೇ ಸೇರಿದ.

ಯಜಮಾನನೇ ಇಲ್ಲದ ಆ ಮನೆಯನ್ನು ಕಾಯುವುದರಲ್ಲಿ ಮುಂದೆ ನಿಂತವನು, ತಂದೆಗೆ ಮದುವೆಯ ಹೊರಗೆ ಹುಟ್ಟಿದ ಮಗ ಡ್ಯೂನ್ವಾ. 1429ರಲ್ಲಿ ಜೋನ್ ಆಫ್ ಆರ್ಕ್ ಬಂದು ಇಂಗ್ಲಿಷರ ಮುತ್ತಿಗೆ ಬಿಡಿಸುವವರೆಗೂ ಆರ್ಲಿಯನ್ಸ್ ನಗರವನ್ನು ಹಿಡಿದು ನಿಂತವನು ಅವನೇ, ಆದರೂ ಹುಟ್ಟಿನ ಕಾರಣದಿಂದ ಡ್ಯೂಕ್ ಪದವಿಗೆ ಅವನಿಗೆ ಹಕ್ಕಿರಲಿಲ್ಲ. ಈ ಸಂಗತಿ ನನ್ನನ್ನು ಇಂದಿಗೂ ನೋಯಿಸುತ್ತದೆ.

ಲಂಡನ್ ಟವರ್ ಕೋಟೆಯ ಸೆರೆಯಲ್ಲಿದ್ದ ಚಾರ್ಲ್ಸನನ್ನು ಮುಂದೆ ಒಬ್ಬ ಕಲಾವಿದ ಹಸ್ತಪ್ರತಿಯೊಂದರಲ್ಲಿ ಚಿತ್ರಿಸಿದ್ದಾನೆ. ಒಂದೇ ಚಿತ್ರದಲ್ಲಿ ಅವನು ಮೇಜಿನ ಮುಂದೆ ಕುಳಿತು ಬರೆಯುತ್ತಾನೆ, ಕಿಟಕಿಯಿಂದ ಹೊರಗೆ ನೋಡುತ್ತಾನೆ, ಅಂಗಳಕ್ಕಿಳಿದು ದೂತನ ಕೈಗೆ ಪತ್ರ ಕೊಡುತ್ತಾನೆ. ಬರೆಯುವುದು ಅವನ ಪಾಲಿಗೆ ಬದುಕೇ ಆಗಿತ್ತು. ಅವನ ಕವಿತೆಗಳ ಸ್ವಂತ ಪುಸ್ತಕ, ಬಹಳಷ್ಟು ಅವನದೇ ಕೈಬರಹದಲ್ಲಿ, ಪ್ಯಾರಿಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿದೆ. ಇತ್ತ ಎರಡನೆಯ ಹೆಂಡತಿ ಬಾನ್ ಮಕ್ಕಳಿಲ್ಲದೆ ತೀರಿಕೊಂಡಳು. ಆಗಿದ್ದ ಒಬ್ಬಳೇ ಮಗಳು 1432ರಲ್ಲಿ ಸತ್ತಾಗಲೂ ತಂದೆ ಸೆರೆಯಲ್ಲಿದ್ದ. 1440ರಲ್ಲಿ ಅವನ ಬಿಡುಗಡೆಗೆ ನೆರವಾದವನು ತಂದೆಯನ್ನು ಕೊಲ್ಲಿಸಿದವನ ಮಗ ಫಿಲಿಪ್ ಎಂಬುದು, ಮತ್ತು ಚಾರ್ಲ್ಸ್ ಕೂಡಲೇ ಆ ಫಿಲಿಪನ ಸೋದರಸೊಸೆ ಮೇರಿಯನ್ನು ಮದುವೆಯಾದನೆಂಬುದು, ಹಳೆಯ ದಾಯಾದಿ ಹಗೆಗಳನ್ನು ಕಂಡ ನಮ್ಮ ಕಡೆಯವರಿಗೆ ಸುಲಭವಾಗಿ ಅರ್ಥವಾದೀತು.

ಇನ್ನು ಹಕ್ಕಿನ ಮಾತು. ಆರ್ಲಿಯನ್ಸ್, ದೊರೆಯು ತಮ್ಮನಿಗೆ ಬಿಟ್ಟುಕೊಟ್ಟ ಸೀಮೆ. ಅದು ಅಪ್ಪಟ ಮಕ್ಕಳಕಟ್ಟು, ಅದರಲ್ಲೂ ಗಂಡುಮಕ್ಕಳದು. ಗಂಡು ಸಂತಾನ ನಿಂತರೆ ಸೀಮೆ ದೊರೆಗೇ ಮರಳುತ್ತಿತ್ತು. 1462ರಲ್ಲಿ, ಅರವತ್ತೇಳನೆಯ ವಯಸ್ಸಿನಲ್ಲಿ, ಚಾರ್ಲ್ಸನಿಗೆ ಮಗ ಲೂಯಿ ಹುಟ್ಟಿದ್ದರಿಂದ ಅದು ಅವನ ಕವಲಿನಲ್ಲೇ ಉಳಿಯಿತು. ಮಗನಿಗೆ ಮೂರು ತುಂಬುವ ಮೊದಲೇ, 1465ರಲ್ಲಿ, ತಂದೆ ತೀರಿಕೊಂಡ. 1498ರಲ್ಲಿ ಎಂಟನೆಯ ಚಾರ್ಲ್ಸ್ ದೊರೆ ಮಕ್ಕಳಿಲ್ಲದೆ ಸತ್ತಾಗ ಇದೇ ಲೂಯಿ ಹನ್ನೆರಡನೆಯ ಲೂಯಿಯಾಗಿ ಪಟ್ಟವೇರಿದ.

ಆದರೆ ಹೆಣ್ಣಿನ ಕಡೆಯಿಂದ ಏನೂ ಬರಲಿಲ್ಲವೆನ್ನುವಂತಿಲ್ಲ. ತಾಯಿ ಬಳುವಳಿಯಾಗಿ ತಂದಿದ್ದ ಇಟಲಿಯ ಆಸ್ಟಿ ಪಟ್ಟಣ ಚಾರ್ಲ್ಸನಿಗೆ ದಕ್ಕಿತ್ತು. 1447ರಲ್ಲಿ ಸೋದರಮಾವ ಗಂಡುಮಕ್ಕಳಿಲ್ಲದೆ ತೀರಿಕೊಂಡಾಗ ಅವನು ಮಿಲಾನೂ ತನಗೇ ಸೇರಬೇಕೆಂದು ಕೇಳಿದ. ಇದು ನಮ್ಮ ಅಳಿಯಕಟ್ಟಿನ ಹಕ್ಕಿನಂತೆ ಕಂಡರೂ, ಆ ಸೋದರಮಾವ ಚಾರ್ಲ್ಸನ ತಾಯಿಗೆ ತಂದೆಯ ಕಡೆಯಿಂದ ಮಾತ್ರ ತಮ್ಮ, ಬೇರೆ ತಾಯಿಯ ಮಗ; ಹಾಗಾಗಿ ಅಳಿಯಕಟ್ಟಿನಲ್ಲೂ ಅದು ಸಲ್ಲುತ್ತಿರಲಿಲ್ಲ. ಚಾರ್ಲ್ಸನಿಗೆ ಮಿಲಾನ್ ಸಿಗಲಿಲ್ಲ. 1499ರಲ್ಲಿ ಮಗ ದಂಡೆತ್ತಿ ಹೋಗಿ ಮಿಲಾನನ್ನು ಹಿಡಿದದ್ದು ಈ ಅಜ್ಜಿಯ ಹಕ್ಕಿನ ಮೇಲೆಯೇ.

ಅಳಿಯಕಟ್ಟಿನ ಪ್ರಕಾರ ಮುಂದಿನ ತಲೆಮಾರಿನಲ್ಲಿ ಚಾರ್ಲ್ಸನ ವಾರಸುದಾರ ಯಾರಾಗುತ್ತಿದ್ದ? ತಂಗಿ ಮಾರ್ಗರೆಟಳ ಮಗ, ಫ್ರಾನ್ಸಿನ ಪಶ್ಚಿಮದ ಬ್ರಿಟನಿ ಸೀಮೆಯ ಡ್ಯೂಕ್ ಫ್ರಾನ್ಸಿಸ್. ಅವನಿಗೆ ಮದುವೆಯಲ್ಲಿ ಹುಟ್ಟಿದ ಗಂಡುಮಕ್ಕಳು ಉಳಿದಿರಲಿಲ್ಲ; ಬ್ರಿಟನಿ ಮಗಳು ಆನ್‌ಳಿಗೆ ಬಂತು. 1499ರಲ್ಲಿ ದೊರೆ ಲೂಯಿ ಮದುವೆಯಾದದ್ದು ಅವಳನ್ನೇ, ಎಂದರೆ ತನ್ನ ಸೋದರತ್ತೆಯ ಮೊಮ್ಮಗಳನ್ನು. ಅವರಿಗೆ ಉಳಿದದ್ದು ಇಬ್ಬರು ಹೆಣ್ಣುಮಕ್ಕಳು. ಫ್ರಾನ್ಸಿನ ಪಟ್ಟದಲ್ಲಿ ಹೆಣ್ಣು ಕೂರುವಂತಿರಲಿಲ್ಲವಾದ್ದರಿಂದ ಹಿರಿಯ ಮಗಳು ಕ್ಲೋಡಳನ್ನು ಒಬ್ಬ ದಾಯಾದಿಗೆ ಕೊಟ್ಟರು, ಮತ್ತು 1515ರಲ್ಲಿ ಅವನೇ ಒಂದನೆಯ ಫ್ರಾನ್ಸಿಸ್ ಎಂಬ ದೊರೆಯಾದ. ಅವನು, ಬಾಲ್ಯದಲ್ಲೇ ಒತ್ತೆಯಾಳಾಗಿ ಇಂಗ್ಲೆಂಡಿಗೆ ಹೋಗಿ 1445ರವರೆಗೆ ಅಲ್ಲೇ ಉಳಿದಿದ್ದ, ಚಾರ್ಲ್ಸನ ತಮ್ಮ ಜಾನನ ಮೊಮ್ಮಗ.